ಎಡಗಣ್ಣಿಗೆ ಕ್ಯಾಮೆರಾ ಹಿಡಿದ ಅಕ್ಕಾರು

ಈ ಸಲದ ಮದುವೆಗಳು ಶುರುವಾಗುವ ಹೊತ್ತಿಗೆ ಬಸವನ ಬಾಗೇವಾಡಿಯಿಂದ ಒಬ್ಬರು ಫೋನ್ ಮಾಡಿದರು. "ಸಿಂದಗಿ ಅಕ್ಕಾರು ಇನ್ನ ಮದುವಿ ಫೋಟೋ ಹಿಡ್ಯೂದಿಲ್ಲಂತ್ರಿ. ನಿಮ್ಮ ನಂಬರ್ ಕೊಟ್ಟಾರ. ನೀವರ ಬರ್ತೀರೇನು?" ಎಂದರು. ಬರುತ್ತೇನೆ ಅಂದೆ. ಅಕ್ಕಾರು ಮದುವೆ ಫೋಟೋ ಬಿಟ್ಟ ಸುದ್ದಿ ನನಗೆ ಹೊಸದಲ್ಲ. ಆದರೂ ಬೇರೆಯವರ ಬಾಯಲ್ಲಿ ಅದನ್ನು ಕೇಳಿದಾಗ ಅವರ ಬಗ್ಗೆ ಬರೆದಿಡಬೇಕು ಅನ್ನಿಸಿತು.

ಅವರದು ಸಿಂದಗಿ, ನನ್ನದು ಇಂಡಿ. ಇಬ್ಬರದೂ ಫೋಟೋ ಸ್ಟುಡಿಯೋ. ಮೊದಮೊದಲು ಒಂದೇ ಮದುವೆಗೆ ಹುಡುಗಿಯ ಕಡೆಯಿಂದ ಅವರು, ಹುಡುಗನ ಕಡೆಯಿಂದ ನಾನು ಹೋಗಿ ವೇದಿಕೆಯ ಮೇಲೆ ಮೊಣಕೈ ತಿವಿದಾಡಿಕೊಂಡವರು. ಆಮೇಲೆ ದೊಡ್ಡ ಕೆಲಸ ಬಂದಾಗ ಜೊತೆಯಾಗಿ ಹೋಗತೊಡಗಿದೆವು. ಅವರು ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ನಾನು "ಏ ಇಂಡಿ". ಮುದ್ದೇಬಿಹಾಳದ ಸಂಗಣ್ಣ, ನಮ್ಮ ಮೂರನೆಯ ಜೊತೆಗಾರ, "ಏ ಮುದ್ದೇಬಿಹಾಳ". ಸಂಗಣ್ಣ ಆಳು ದೊಡ್ಡವನು, ದನಿಯೂ ದೊಡ್ಡದು. ಅಕ್ಕಾರ ಮುಂದೆ ಮಾತ್ರ ಎರಡೂ ಸ್ವಲ್ಪ ಕುಗ್ಗುತ್ತಿದ್ದವು.

ಸೀರೆಯ ಮೇಲೆ ಕ್ಯಾಮೆರಾದ ಪಟ್ಟಿಯನ್ನು ಅಡ್ಡ ಹಾಕಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಾಲಿಗೆ ಓಡುವವರ ಬೂಟು ತೊಟ್ಟು ಅವರು ಮಂಟಪದೊಳಗೆ ಬಂದರೆ ಜನ ತಾವಾಗಿ ದಾರಿ ಬಿಡುತ್ತಿದ್ದರು. ಯಾರಿಗೂ ನಗಿರಿ ಅಂದವರಲ್ಲ. "ಇವತ್ತ ಯಾರ ಮ್ಯಾಲೆ ಸಿಟ್ಟ ಬಂದೈತಿ, ಖರೇ ಹೇಳ್ರಿ" ಅಂತ ಕೇಳುತ್ತಿದ್ದರು. ಸಾಲಿನಲ್ಲಿ ನಿಂತವರು ಒಬ್ಬರ ಮುಖ ಒಬ್ಬರು ನೋಡಿ ನಗುವಷ್ಟರಲ್ಲಿ ಫೋಟೋ ಆಗಿರುತ್ತಿತ್ತು.

ಅವರಿಗೆ ಒಂದು ಹಟವಿತ್ತು. ಫೋಕಸ್ಸನ್ನು ಕೈಯಿಂದಲೇ ಮಾಡಬೇಕು. ನಮ್ಮ ಕಡೆ ಮದುಮಗಳ ಹಣೆಗೆ ಬಾಸಿಂಗ ಕಟ್ಟುತ್ತಾರಲ್ಲ, ಅದರ ಮಣಿಸರಗಳು ಮುಖದ ಮುಂದೆ ಇಳಿಬಿದ್ದಿರುತ್ತವೆ. ಕ್ಯಾಮೆರಾಕ್ಕೆ ಬಿಟ್ಟರೆ ಅದು ಮಣಿಗಳನ್ನೇ ಹಿಡಿದುಕೊಂಡು ಮುಖವನ್ನು ಮಬ್ಬು ಮಾಡುತ್ತದೆ. "ಮಷಿನ್ನಿಗೇನ ಗೊತ್ತ, ಮದುಮಗಳು ಮಣಿ ಹಿಂದ ಅದಾಳಂತ?" ಅನ್ನುತ್ತಿದ್ದರು. ಬಲಗಣ್ಣನ್ನು ಕ್ಯಾಮೆರಾದ ಫೈಂಡರಿಗೆ ಒತ್ತಿ, ಎಡಗಣ್ಣು ಮುಚ್ಚಿ, ಲೆನ್ಸಿನ ಬಳೆಯನ್ನು ಬೆರಳ ತುದಿಯಿಂದ ತಿರುಗಿಸುತ್ತಿದ್ದರು. ಅವರ ಫೋಟೋದಲ್ಲಿ ಮದುಮಗಳ ಕಣ್ಣರೆಪ್ಪೆಯ ಕೂದಲು ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತಿತ್ತು.

ಕೆಲವು ವರ್ಷಗಳ ಹಿಂದೆ ಹಾಗೆ ಕಾಣುವುದು ನಿಂತುಹೋಯಿತು.

ಮೊದಲು ಯಾರೋ ಫೋಟೋ ಮಬ್ಬಾಗಿ ಬಂದಿವೆ ಅಂದರು. ಆಮೇಲೆ ಚಡಚಣದ ಹತ್ತಿರದ ಒಂದು ಮದುವೆಯಲ್ಲಿ ದೊಡ್ಡ ಗಲಾಟೆಯೇ ಆಯಿತು. ಮನೆಮಂದಿಯೆಲ್ಲ ನಿಂತ ಫೋಟೋದಲ್ಲಿ ಬಲಗಡೆಯ ಕೊನೆಗಿದ್ದ ಸೋದರಮಾವ ಪೂರ್ತಿ ಕತ್ತರಿಸಿ ಹೋಗಿದ್ದ. ಒಂದು ತೋಳು ಮಾತ್ರ ಉಳಿದಿತ್ತು. ಮದುವೆ ಮಾಡಿದ ಅವನ ಅಕ್ಕನಿಗೂ ಅವನಿಗೂ ಮೊದಲೇ ಹೊಲದ ಹಂಚಿಕೆಯ ಸಿಟ್ಟು ಇತ್ತು. ಸೋದರಮಾವ ಆಲ್ಬಮ್ ಹಿಡಿದುಕೊಂಡು ಸಿಂದಗಿಗೇ ಬಂದ. "ನನ್ನ ಬಿಡಂತ ನಿಮಗ ಯಾರ ಹೇಳಿದ್ರು? ಅವರ ಹೆಸರ ಹೇಳ್ರಿ, ಇಲ್ಲಾಂದ್ರ ನಾ ಇಲ್ಲಿಂದ ಏಳೂದಿಲ್ಲ" ಎಂದು ಸ್ಟುಡಿಯೋದಲ್ಲಿ ಕೂತುಬಿಟ್ಟ. ಯಾರೂ ಹೇಳಿಲ್ಲ ಎಂದು ಅಕ್ಕಾರು ಎಷ್ಟು ಹೇಳಿದರೂ ನಂಬಲಿಲ್ಲ. ಇಷ್ಟು ವರ್ಷದ ಅಕ್ಕಾರ ಕೈ ತಪ್ಪುತ್ತದೆ ಎಂದು ನಂಬುವುದಕ್ಕಿಂತ, ತನ್ನ ಅಕ್ಕನೇ ಕತ್ತರಿಸಲು ಹೇಳಿದ್ದಾಳೆ ಎಂದು ನಂಬುವುದು ಅವನಿಗೆ ಸುಲಭವಾಗಿತ್ತು.

ಅಕ್ಕಾರು ಲೆನ್ಸಿನ ಮೇಲೆ ತಪ್ಪು ಹೊರಿಸಿದರು. ಸೊಲ್ಲಾಪುರಕ್ಕೆ ರಿಪೇರಿಗೆ ಕಳಿಸಿದರೆ ಲೆನ್ಸ್ ಸರಿಯಿದೆ ಎಂದು ವಾಪಸು ಬಂತು. ಫೈಂಡರ್ ಕತ್ತಲೆಯಾಗಿದೆ, ಕ್ಯಾಮೆರಾದ ಒಳಗಿನ ಕನ್ನಡಿಗೆ ಧೂಳು ಹತ್ತಿದೆ ಎಂದರು. ಅದನ್ನೂ ಒರೆಸಿಸಿ ತಂದರು. ಮಾತು ಕಡಿಮೆಯಾಯಿತು. ಮದುವೆಯಲ್ಲಿ ಸಾಲಿನ ಮುಂದೆ ನಿಂತು ಸಿಟ್ಟಿನ ಪ್ರಶ್ನೆ ಕೇಳುವುದನ್ನೂ ಬಿಟ್ಟರು.

ಅದೇ ದಿನಗಳಲ್ಲಿ ಕನ್ನಡಿಯೇ ಇಲ್ಲದ ಹೊಸ ಕ್ಯಾಮೆರಾಗಳು, ಮಿರರ್‌ಲೆಸ್, ನಮ್ಮ ಕಡೆ ಬರತೊಡಗಿದ್ದವು. ಕೊಳ್ಳಬೇಕೋ ಬೇಡವೋ ಎಂಬುದೇ ನಮ್ಮ ಮಾತು. ಸೊಲ್ಲಾಪುರದ ಅಂಗಡಿಯವನೊಬ್ಬ ಒಂದು ಕ್ಯಾಮೆರಾ ಮತ್ತು ಮೂರು ಲೆನ್ಸು ತಂದು ತೋರಿಸುತ್ತೇನೆ ಎಂದಾಗ ಎಲ್ಲರೂ ಅಕ್ಕಾರ ಸ್ಟುಡಿಯೋದಲ್ಲಿ ಸೇರಿದೆವು. ಬೆಳಗಿನ ಹೊತ್ತು. ಅವನು ಕ್ಯಾಮೆರಾದಿಂದ ಒಂದು ತಂತಿಯನ್ನು ಗೋಡೆಯ ಟಿವಿಗೆ ಸಿಕ್ಕಿಸಿದ. ತೆಗೆದ ಫೋಟೋ ಟಿವಿಯಲ್ಲಿ ದೊಡ್ಡದಾಗಿ ಕಾಣುವ ಹಾಗೆ.

ಸಂಗಣ್ಣನಿಗೆ ಆ ಕ್ಯಾಮೆರಾ ಕಂಡರೆ ಅನುಮಾನ. ಲೆನ್ಸ್ ಬಿಚ್ಚಿ ಒಳಗೆ ಇಣುಕಿದ. "ಇದರ ಹೊಟ್ಟಿ ತೆರದ ಬಿದ್ದೈತಲ್ಲೋ. ನಮ್ಮ ಎರಿಮಣ್ಣಿನ ಹೊಲದ ಧೂಳಾಗ ಲೆನ್ಸ್ ಬದಲಿ ಮಾಡಿದ್ರ ಮುಗೀತು ಕತಿ" ಅಂದ. ಫೈಂಡರಿನಲ್ಲಿ ನೋಡಿ, "ಇದು ಮಂದಿನ್ನ ನೋಡಿದಂಗ ಅಲ್ಲ, ಟಿವಿ ನೋಡಿದಂಗ" ಎಂದ. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಬೇಸಿಗೆಯಲ್ಲಿ ಕಾಯ್ದು ನಿಂತುಹೋದರೆ ಏನು ಗತಿ, ಹಳೆಯ ಲೆನ್ಸು ಇದಕ್ಕೆ ಕೂರುತ್ತವೆಯೇ ಅಂತ ನಾವೆಲ್ಲ ಕೇಳಿದೆವು. ಅಂಗಡಿಯವ ಮರಾಠಿ ಬೆರೆತ ಕನ್ನಡದಲ್ಲಿ ಎಲ್ಲಕ್ಕೂ ಉತ್ತರ ಕೊಟ್ಟ. ಇದು ಮನುಷ್ಯರ ಕಣ್ಣನ್ನು ತಾನೇ ಹುಡುಕಿ ಫೋಕಸ್ ಮಾಡುತ್ತದೆ, ಬಾಸಿಂಗದ ಹಿಂದಿದ್ದರೂ ಬಿಡುವುದಿಲ್ಲ ಎಂದ.

ಅಕ್ಕಾರು ಅಲ್ಲಿಯವರೆಗೆ ಸುಮ್ಮನೆ ಕೂತಿದ್ದರು. "ಮೊದಲ ಕೈಲೆ ಫೋಕಸ್ ಮಾಡಿ ನೋಡೂಣು. ಏ ಮುದ್ದೇಬಿಹಾಳ, ಬಾಸಿಂಗ ಕಟ್ಟಿಕೊಂಡ ನಿಂದರು" ಎಂದು ಎದ್ದರು. ಸ್ಟುಡಿಯೋದಲ್ಲಿದ್ದ ಬಾಸಿಂಗವನ್ನು ಸಂಗಣ್ಣನ ದೊಡ್ಡ ಹಣೆಗೆ ಕಟ್ಟಿದೆವು. ಎಲ್ಲರೂ ನಕ್ಕೆವು. ಅಕ್ಕಾರು ಬಲಗಣ್ಣಿಗೆ ಕ್ಯಾಮೆರಾ ಹಿಡಿದರು.

ಟಿವಿಯಲ್ಲಿ ಫೋಟೋ ಬಂತು. ಸಂಗಣ್ಣನ ಕಿವಿ ಚೊಕ್ಕವಾಗಿತ್ತು. ಕಣ್ಣು ಮಬ್ಬಾಗಿತ್ತು. ಬಲಭುಜ ಚೌಕಟ್ಟಿನ ಹೊರಗಿತ್ತು. ಮತ್ತೆ ತೆಗೆದರು. ಮತ್ತೆ ಹಾಗೇ. ಲೆನ್ಸ್ ಬದಲಿಸಿದರು. ನಮ್ಮ ನಗು ಯಾವಾಗ ನಿಂತಿತೋ ಗೊತ್ತಾಗಲಿಲ್ಲ.

"ಈ ಲೆನ್ಸೂ ಹಂಗ ಐತಿ" ಎಂದರು ಅಕ್ಕಾರು.

ಅಂಗಡಿಯವ ಗಡಿಯಾರ ನೋಡಿ, "ಮೇಡಮ್, ಬ್ಯಾಟರಿ ಮುಗಿಯಾಕ ಬಂದಿರಬೇಕು. ಕೆಂಪ ಗುರ್ತು ಬಂದಿರಬೇಕಲ್ಲ, ಬದಲಿ ಮಾಡ್ತೇನಿ ಕೊಡ್ರಿ" ಎಂದ.

"ಎಲ್ಲಿ ಕೆಂಪು?"

"ಫೈಂಡರಿನ್ಯಾಗ್ರಿ. ಮ್ಯಾಲೆ ಬಲಕ್ಕ, ಮೂಲ್ಯಾಗ."

ಅಕ್ಕಾರು ಮತ್ತೆ ನೋಡಿದರು. "ಮೂಲ್ಯಾಗ ಏನೂ ಇಲ್ಲ."

ಸಂಗಣ್ಣ ಬಾಸಿಂಗದ ಸಮೇತ ಬಂದು ಕ್ಯಾಮೆರಾ ಇಸಿದುಕೊಂಡು ನೋಡಿದ. ನನ್ನ ಕೈಗೆ ಕೊಟ್ಟ. ನಾನೂ ನೋಡಿದೆ. ಬಲಗಡೆ ಮೇಲಿನ ಮೂಲೆಯಲ್ಲಿ ಕೆಂಪು ಗುರುತು ಮಿನುಗುತ್ತಿತ್ತು. ಒಮ್ಮೆ ನೋಡಿದರೆ ಮರೆಯಲಾಗದಷ್ಟು ಕೆಂಪು. ಅಕ್ಕಾರು ನನ್ನ ಮುಖವನ್ನೇ ನೋಡುತ್ತಿದ್ದರು.

"ಐತೇನು?"

"ಐತ್ರಿ ಅಕ್ಕಾರ."

ಕ್ಯಾಮೆರಾ ವಾಪಸು ತೆಗೆದುಕೊಂಡರು. ಬಲಗಣ್ಣಿನಿಂದ ನೋಡಿದರು. ಆಮೇಲೆ, ನಾನು ಅವರನ್ನು ಕಂಡಷ್ಟು ವರ್ಷಗಳಲ್ಲಿ ಎಂದೂ ಮಾಡದ ಕೆಲಸ ಮಾಡಿದರು. ಕ್ಯಾಮೆರಾವನ್ನು ಎಡಗಣ್ಣಿಗೆ ಸರಿಸಿದರು. ಆ ಕಣ್ಣಿಗೆ ಕೆಂಪು ಕಂಡಿತ್ತು. ಮತ್ತೆ ಬಲಗಣ್ಣು. ಮತ್ತೆ ಎಡಗಣ್ಣು. ಕೊನೆಗೆ ಕ್ಯಾಮೆರಾವನ್ನು ಮೇಜಿನ ಮೇಲೆ ಬಹಳ ಜೋಪಾನವಾಗಿ ಇಟ್ಟು, "ಎಲ್ಲಾರೂ ಚಹಾ ಕುಡದ ಹೋಗ್ರಿ" ಎಂದು ಒಳಗೆ ಹೋದರು. ಸಂಗಣ್ಣ ಬಾಸಿಂಗ ಬಿಚ್ಚಲು ನೋಡಿದ. ಗಂಟು ಬೇಗ ಬಿಚ್ಚಲಿಲ್ಲ.

ಮರುದಿನ ಅಕ್ಕಾರು ನನಗೆ ಫೋನ್ ಮಾಡಿ, "ವಿಜಾಪುರಕ್ಕ ಹೊಂಟೇನಿ. ಜೊತಿಗೆ ಬಾ. ಡಾಕ್ಟರ ಹೇಳಿದ್ದ ನನಗ ಅರ್ಧ ತಿಳೀತೈತಿ, ಅರ್ಧ ತಿಳ್ಯೂದಿಲ್ಲ" ಎಂದರು. ಅವರ ತಮ್ಮ ಶಿವಪ್ಪನ ಕ್ರೂಸರ್ ಜೀಪಿನಲ್ಲಿ ಹೋದೆವು. ಶಿವಪ್ಪ ಹೂವಿನ ಹಿಪ್ಪರಗಿಯವನು. ಕ್ರೂಸರ್ ಬಾಡಿಗೆಗೆ ಓಡಿಸುವುದೇ ಅವನ ಕಸುಬು. ಅಕ್ಕನನ್ನು ಮದುವೆ ಮದುವೆಗೆ ಕರೆದೊಯ್ಯುವವನೂ ಅವನೇ. ದಾರಿಯುದ್ದಕ್ಕೂ ಅವನೊಬ್ಬನೇ ಮಾತಾಡಿದ.

ಕಣ್ಣಿನ ಆಸ್ಪತ್ರೆಯಲ್ಲಿ ಅಕ್ಕಾರನ್ನು ಬೋಗುಣಿಯಂಥ ಯಂತ್ರದ ಮುಂದೆ ಕೂರಿಸಿದರು. ಒಳಗೆ ಎಲ್ಲಾದರೂ ಬೆಳಕಿನ ಚುಕ್ಕೆ ಕಂಡರೆ ಕೈಯಲ್ಲಿದ್ದ ಗುಂಡಿ ಒತ್ತಬೇಕು. ಎಡಗಣ್ಣಿನ ಸರದಿಯಲ್ಲಿ ಗುಂಡಿಯ ಸದ್ದು ಮೇಲಿಂದ ಮೇಲೆ ಕೇಳುತ್ತಿತ್ತು. ಬಲಗಣ್ಣಿನ ಸರದಿ ಬಂದಾಗ ಸದ್ದು ನಿಂತಿತು. ನಾನು ಬಾಗಿಲ ಹತ್ತಿರ ನಿಂತು ಕಾದೆ. ಬಹಳ ಹೊತ್ತಿನ ಮೇಲೆ ಒಂದು ಸಲ ಕೇಳಿತು. ಮತ್ತೆ ಇಲ್ಲ.

ಡಾಕ್ಟರಮ್ಮ ಸುತ್ತು ಬಳಸಿ ಹೇಳುವವರಲ್ಲ. ಕಣ್ಣಿನ ಒಳಗಿನ ಒತ್ತಡ ಹೆಚ್ಚಾಗಿ ಬಲಗಣ್ಣಿನ ನರ ಹಾಳಾಗಿದೆ, ಅಂಚಿನಿಂದ ಶುರುವಾಗಿ ಈಗ ನಡುವಿಗೂ ಬಂದಿದೆ ಎಂದರು. ನೋವಿಲ್ಲದೆ ಬರುವ ರೋಗ, ಇನ್ನೊಂದು ಕಣ್ಣು ಸಂಭಾಳಿಸುವುದರಿಂದ ತಿಳಿಯುವುದೇ ಇಲ್ಲ. "ಹೋದದ್ದು ತಿರುಗಿ ಬರೂದಿಲ್ರಿ. ಎಡಗಣ್ಣಿಗೂ ಈಗ ಶುರು ಆಗೇತಿ. ಔಷಧ ತಪ್ಪದಂಗ ಹಾಕ್ಕೊಂಡ್ರ ಅದನ್ನ ಉಳಸಾಕ ನೋಡೂಣು."

ಅಕ್ಕಾರು ಕೇಳಿದ್ದು ಒಂದೇ. "ಎಡಗಣ್ಣಿಲೆ ಕೆಲಸ ಮಾಡಬಹುದೇನ್ರಿ?"

"ಕಾಣೂತನಕ ಮಾಡ್ರಿ. ನಿಮ್ಮ ಒಡಹುಟ್ಟಿದವರು ಇದ್ರ ಅವರನ್ನೂ ತೋರಸ್ರಿ. ಇದು ಮನಿತನದಾಗ ಬರತೈತಿ."

ಹೊರಗೆ ಬಂದಾಗ ಶಿವಪ್ಪ ಕ್ರೂಸರಿಗೆ ಒರಗಿ ನಿಂತಿದ್ದ. ಅಕ್ಕಾರು ನೇರವಾಗಿ ಹೇಳಿದರು. "ನಡಿ ಒಳಗ. ನಿನ್ನ ಕಣ್ಣ ತೋರಸೂಣು."

"ನನಗೇನಾಗೇತಿ? ಅರ್ಧ ಮೈಲಿ ದೂರದ ಗಾಡಿ ನಂಬರ್ ಓದ್ತೇನಿ."

"ನಾನೂ ನಿನ್ನಿತನಕ ಹಂಗ ಅಂತಿದ್ನಿ."

"ಅಕ್ಕಾ, ಸುಮ್ನ ಕೂಡು. ತಾಳಿಕೋಟಿ ಬಾಡಿಗಿ ಐತಿ ಸಂಜಿಗೆ."

ಅಕ್ಕಾರು ಕಿಟಕಿಯಿಂದ ಕೈ ಹಾಕಿ ಕೀಲಿಕೈ ತೆಗೆದುಕೊಂಡು ಕುಪ್ಪಸದೊಳಗೆ ಇಟ್ಟುಕೊಂಡರು. ಶಿವಪ್ಪನ ಮುಖ ಕೆಂಪಾಯಿತು. ರಸ್ತೆಯಲ್ಲಿ ಹೋಗುವವರು ತಿರುಗಿ ನೋಡುವಷ್ಟು ಜೋರಾಗಿ ಕೂಗಾಡಿದ. ನಿನ್ನ ಕಣ್ಣು ಹೋಯಿತೆಂದು ನನ್ನದೂ ಹೋಗಲಿ ಅಂತೀಯೇನು ಅಂದುಬಿಟ್ಟ. ಅಂದಮೇಲೆ ತಾನೇ ತಲೆ ತಗ್ಗಿಸಿದ. ಅಕ್ಕಾರು ಕದಲಲಿಲ್ಲ. "ಹಿಂದ ಮಂದಿನ್ನ ಕೂಡಿಸ್ಕೊಂಡ ಗಾಡಿ ಹೊಡೀತೀ. ತೋರಿಸಿದ ಮ್ಯಾಲೆ ಕೀಲಿ ಕೊಡ್ತೇನಿ" ಎಂದರು.

ಶಿವಪ್ಪನಿಗೂ ಅದೇ ರೋಗ ಇತ್ತು. ಆದರೆ ಈಗಷ್ಟೇ ಶುರು. ಎರಡು ಕಣ್ಣೂ ಪೂರ್ತಿ ಕಾಣುತ್ತಿದ್ದವು. ಇಷ್ಟು ಬೇಗ ಬಂದದ್ದು ಒಳ್ಳೆಯದಾಯಿತು ಎಂದು ಡಾಕ್ಟರಮ್ಮ ಅಂದಾಗ ಅಕ್ಕಾರು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು. ತಮ್ಮ ಕಣ್ಣಿನ ಸುದ್ದಿ ಕೇಳಿದಾಗ ಬಾರದ ಅಳು ಆಗ ಬಂತು.

ಮುಂದಿನ ವಾರ ಬಾಗೇವಾಡಿಯಲ್ಲಿ ಅವರು ಒಪ್ಪಿಕೊಂಡ ಮದುವೆ ಇತ್ತು. ಸಂಗಣ್ಣನಿಗೆ ಬಿಟ್ಟುಕೊಡಿರಿ ಎಂದೆ. "ಬಿಡೂದು ಬಿಡಲಾರದ್ದು ಅವರ ಮನಿಯವರು ಹೇಳಬೇಕು, ನೀ ಅಲ್ಲ" ಎಂದು ನನ್ನನ್ನು ಕರೆದುಕೊಂಡು ಮದುಮಗಳ ಮನೆಗೇ ಹೋದರು. ಪಡಸಾಲೆಯಲ್ಲಿ ಕೂತು, ಮದುಮಗಳ ಅಪ್ಪನಿಗೆ ಇದ್ದದ್ದು ಇದ್ದ ಹಾಗೆ ಹೇಳಿದರು. ಬಲಗಣ್ಣು ಕಾಣುವುದಿಲ್ಲ. ಎಡಗಣ್ಣಿನಿಂದ ಹಿಡಿಯುತ್ತೇನೆ. ಕ್ಯಾಮೆರಾ ಹೊಸದು. ಪಕ್ಕದಲ್ಲಿ ಮುದ್ದೇಬಿಹಾಳದವನೂ ಇರುತ್ತಾನೆ. ನನ್ನದು ಕೆಟ್ಟರೆ ಅವನವು ಇರುತ್ತವೆ.

ಆತ ಗಡ್ಡ ಕೆರೆದುಕೊಂಡ. "ಅಕ್ಕಾರ, ಸಿಟ್ಟಿಗೆ ಬರಬ್ಯಾಡ್ರಿ. ಇರಾಕಿ ಒಬ್ಬಾಕಿ ಮಗಳು. ಮದುಮಕ್ಕಳ ಮ್ಯಾಲೆ ಅಕ್ಕಿಕಾಳ ಬೀಳೂದು ಎರಡ ಸಲ ಬರೂದಿಲ್ಲ."

"ಅದಕ್ಕ ಹೇಳಾಕ ಬಂದೇನ್ರಿ."

ಒಳಗಿನ ಬಾಗಿಲಲ್ಲಿ ಮದುಮಗಳು ನಿಂತಿದ್ದಳು. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಹುಡುಗಿ. "ಅಪ್ಪಾ, ಇವರು ಹೇಳಲಿಲ್ಲಂದ್ರ ನಮಗ ಗೊತ್ತ ಆಗ್ತಿತ್ತೇನು?" ಎಂದಳು. ಅಪ್ಪ ಮಗಳನ್ನು ನೋಡಿದ. ಆಮೇಲೆ, "ಇಬ್ಬರೂ ಬರ್ರಿ" ಎಂದ.

ಅಂಗಡಿಯವನನ್ನು ಒಪ್ಪಿಸಿ ಆ ಕ್ಯಾಮೆರಾವನ್ನು ಮದುವೆ ಮುಗಿಯುವವರೆಗೆ ಇಟ್ಟುಕೊಂಡೆವು. ಅಕ್ಕಾರು ಸ್ಟುಡಿಯೋದ ಮಾಳಿಗೆಯ ಮೇಲೆ ನಿಂತು ಎಡಗಣ್ಣಿನ ಅಭ್ಯಾಸ ಶುರು ಮಾಡಿದರು. ಅದಕ್ಕೊಂದು ಹೊಸ ತೊಂದರೆ ಬಂತು. ಎಡಗಣ್ಣಿಗೆ ಹಿಡಿದರೆ ಮೂಗು ಹಿಂದಿನ ಪರದೆಗೆ ತಾಗುತ್ತಿತ್ತು. ಅದು ಬೆರಳು ಮುಟ್ಟಿದರೆ ಕೆಲಸ ಮಾಡುವ ಪರದೆ. ಮೂಗನ್ನೂ ಬೆರಳೆಂದು ತಿಳಿದು ಫೋಕಸ್ಸಿನ ಚೌಕವನ್ನು ಎಲ್ಲೆಲ್ಲೋ ಓಡಿಸುತ್ತಿತ್ತು. "ಮೂಗ ತೂರಸಬ್ಯಾಡ ಅಂತ ನನಗ ಹೇಳಿದವರು ಭಾಳ ಮಂದಿ. ಈಗ ಇದೂ ಒಂದು" ಎಂದು ಆ ವಾರದಲ್ಲಿ ಮೊದಲ ಸಲ ನಕ್ಕರು. ಸೆಟ್ಟಿಂಗಿನಲ್ಲಿ ಹುಡುಕಿ ಪರದೆಯ ಸ್ಪರ್ಶ ಬಂದ್ ಮಾಡಿದೆವು. ಕೈಯ ಫೋಕಸ್ ಬಿಡುವುದೇ ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಬೆರಳು ತಾನಾಗಿ ಬಳೆಯ ಕಡೆ ಹೋಗುತ್ತಿತ್ತು, ಅವರು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು.

ಮದುವೆಯ ದಿನ ಸಂಗಣ್ಣ ವೇದಿಕೆಯ ಇನ್ನೊಂದು ಬದಿಗೆ ನಿಂತ. ನನ್ನ ಕೆಲಸ ಅಕ್ಕಾರ ಬಲಕ್ಕೆ ನಿಲ್ಲುವುದು. ಕ್ಯಾಮೆರಾ ಎಡಗಣ್ಣಿಗೆ ಹೋದರೆ ಬಲಗಡೆ ಅವರಿಗೆ ಪೂರ್ತಿ ಕತ್ತಲು. "ಹೇಳು, ಆದ್ರ ಮುಟ್ಟಬ್ಯಾಡ. ಮುಟ್ಟಿದ್ರ ಕೈ ಅಳ್ಳಾಡತೈತಿ" ಎಂದಿದ್ದರು. ವೇದಿಕೆ ಎತ್ತರವಿತ್ತು, ಅಂಚಿಗೆ ಅಡ್ಡಗಂಬಿ ಇರಲಿಲ್ಲ. ಅಕ್ಕಿಕಾಳಿನ ಹೊತ್ತು ಹತ್ತಿರ ಬಂದಂತೆ ಮೊಬೈಲು ಹಿಡಿದ ಮಂದಿ ಮೇಲೆ ನುಗ್ಗಿದರು. ಅಕ್ಕಾರು ಚೌಕಟ್ಟಿನಲ್ಲಿ ಇಬ್ಬರನ್ನೂ ಹಿಡಿಸಲು ಹಿಂದಕ್ಕೆ ಹೆಜ್ಜೆ ಇಟ್ಟರು. ಇನ್ನೊಂದು ಹೆಜ್ಜೆ. ಅವರ ಬೂಟಿನ ಹಿಮ್ಮಡಿ ಅಂಚಿನ ಮೇಲಿತ್ತು.

"ಅಕ್ಕಾರ, ಹಿಂದ ಜಾಗ ಇಲ್ಲ."

ನಿಂತರು. ಬಲದಿಂದ ಒಬ್ಬ ಅಕ್ಕಿ ಎರಚಲು ತೋಳು ಬೀಸಿ ಬಂದ. "ಬಲಕ್ಕ ಮಂದಿ" ಎಂದು ಕೂಗಿ ನಾನು ನಡುವೆ ನುಗ್ಗಿದೆ. ಅವನ ಮೊಣಕೈ ನನ್ನ ಪಕ್ಕೆಲುಬಿಗೆ ಬಿತ್ತು. ಅಷ್ಟರಲ್ಲಿ ಅಕ್ಕಿಕಾಳು ಬಿದ್ದವು. ಅಕ್ಕಾರು ಅಲುಗಾಡದೆ ನಿಂತಿದ್ದರು. ಕ್ಯಾಮೆರಾದಿಂದ ಒಂದು ಸದ್ದೂ ಬರಲಿಲ್ಲ. ವೇದಿಕೆಯ ಬುಡದಲ್ಲೇ ನಿಂತಿದ್ದ ಮದುಮಗಳ ಅಪ್ಪ ಗಾಬರಿಯಾಗಿ ಕೂಗಿದ. "ಅಕ್ಕಾರ, ಹೊಡದ್ರೋ ಇಲ್ಲೋ? ಸಪ್ಪಳನ ಆಗಲಿಲ್ಲ!"

ಕಾಲ ಕೆಳಗೆ ಅಕ್ಕಿ ಬಿದ್ದಾಗಿತ್ತು, ತಿರುಗಿ ಬೀಳುವಂಥದಲ್ಲ. ಅಕ್ಕಾರು ಕ್ಯಾಮೆರಾ ಇಳಿಸಿ, ಹಿಂದಿನ ಪರದೆಯಲ್ಲಿ ಫೋಟೋ ತಂದು, ಮುಖವನ್ನು ಹಿಗ್ಗಿಸಿ, ನನ್ನ ಕಡೆ ಹಿಡಿದರು. "ನೋಡಿ ಹೇಳು. ಖರೇ ಹೇಳು."

ಮಣಿಸರಗಳ ನಡುವೆ, ಗಾಳಿಯಲ್ಲಿದ್ದ ಅಕ್ಕಿಕಾಳುಗಳ ಹಿಂದೆ, ಮದುಮಗಳ ಕಣ್ಣಿತ್ತು. ರೆಪ್ಪೆಯ ಕೂದಲು ಬಿಡಿಬಿಡಿಯಾಗಿತ್ತು.

"ಬಂದೈತ್ರಿ ಅಕ್ಕಾರ."

"ಬಂದಾವ್ರೀ!" ಎಂದು ಅವರು ಕೆಳಗಿದ್ದ ಅಪ್ಪನಿಗೆ ಕೂಗಿ ಹೇಳಿದರು. ಈ ಕ್ಯಾಮೆರಾದಲ್ಲಿ ಸದ್ದಿಲ್ಲದೆ ಫೋಟೋ ತೆಗೆಯಬಹುದು, ಅಭ್ಯಾಸದ ಗಡಿಬಿಡಿಯಲ್ಲಿ ಸದ್ದು ಬಂದ್ ಆಗಿದ್ದದ್ದು ನಮಗಿಬ್ಬರಿಗೂ ಗೊತ್ತಾಗಿರಲಿಲ್ಲ. ಅಲ್ಲೇ ಸದ್ದು ಹಚ್ಚಿಕೊಂಡರು.

ಆ ಕ್ಯಾಮೆರಾವನ್ನು ಅಕ್ಕಾರೇ ಕೊಂಡರು. ಲೆನ್ಸುಗಳ ಬಗ್ಗೆ ಮತ್ತೆ ಚರ್ಚೆಯಾಯಿತು. ಮುಖಕ್ಕೆಂದೇ ಇದ್ದ ಉದ್ದದ ಲೆನ್ಸು ಬಹಳ ಚೆಂದದ್ದು, ಸಂಗಣ್ಣ ಅದನ್ನೇ ತೆಗೆದುಕೊಳ್ಳಿರಿ ಎಂದು ಹಟ ಮಾಡಿದ. ಅವರು ಅಗಲ ಕಾಣುವ ಲೆನ್ಸನ್ನು ಆರಿಸಿದರು. "ಅಂಚಿಗೆ ಜಾಗ ಬಿಟ್ಟ ಹಿಡೀತೇನಿ. ಯಾರೂ ಹೊರಗ ಉಳ್ಯೂದು ಬ್ಯಾಡ" ಎಂದರು. ಚಡಚಣದ ಆ ಸೋದರಮಾವನ ಮನೆಗೂ ಹೋಗಿ, ಕಣ್ಣಿನ ಸಂಗತಿ ಹೇಳಿ, ಅವನ ಅಕ್ಕನ ತಪ್ಪಿಲ್ಲ ಎಂದು ತಿಳಿಸಿ ಬಂದರು. ಆತ ಮತ್ತು ಅವನ ಅಕ್ಕ ಮಾತು ಶುರುಮಾಡಿದರೋ ಇಲ್ಲವೋ ನನಗೆ ಗೊತ್ತಿಲ್ಲ.

ಆಮೇಲಿನ ವರ್ಷಗಳಲ್ಲಿ ಸಾಲಾಗಿ ನಿಂತ ಮನೆಮಂದಿಗೆ ಅವರು ಹೊಸ ಪ್ರಶ್ನೆ ಕೇಳುತ್ತಿದ್ದರು. "ಕಣ್ಣಿನ ಒತ್ತಡ ತೋರಿಸ್ಕೊಂಡವರು ಕೈ ಎತ್ರಿ." ಯಾರೂ ಎತ್ತುತ್ತಿರಲಿಲ್ಲ. "ನಗಬ್ಯಾಡ್ರಿ, ವಿಜಾಪುರ ದೂರಿಲ್ಲ" ಅನ್ನುತ್ತಿದ್ದರು. ಜನ ಇನ್ನಷ್ಟು ನಗುತ್ತಿದ್ದರು. ಕೆಲವರು ಹೋಗಿ ತೋರಿಸಿಕೊಂಡದ್ದೂ ಉಂಟು. ಶಿವಪ್ಪ ಈಗಲೂ ಕ್ರೂಸರ್ ಓಡಿಸುತ್ತಾನೆ. ಔಷಧದ ಶೀಶೆ ಅವನ ಅಂಗಿಯ ಕಿಸೆಯಲ್ಲೇ ಇರುತ್ತದೆ.

ಹೋದ ಸಲದ ತಪಾಸಣೆಯಲ್ಲಿ ಎಡಗಣ್ಣಿಗೆ ಕಾಣುವ ಅಂಚು ತುಸು ಒಳಗೆ ಸರಿದಿತ್ತು. ತುಸುವೇ. ಮದುವೆ ಫೋಟೋ ಇನ್ನು ಸಾಕು ಎಂದರು. ಇನ್ನೂ ಕೆಲವು ವರ್ಷ ಮದುವೆಗಳಿಗೆ ಹೋಗಬಹುದಿತ್ತು ಎಂದು ನನಗನ್ನಿಸಿತು, ಹೇಳಿಯೂ ನೋಡಿದೆ. "ಮಂದಿ ಆಲ್ಬಮ್ ತಗೊಂಡ ಮನೀಗೆ ಬರೂತನಕ ಕಾಯಬೇಕೇನು?" ಎಂದು ಮಾತು ಮುಗಿಸಿದರು.

ಅವರ ಕೊನೆಯ ಮದುವೆ ಹೂವಿನ ಹಿಪ್ಪರಗಿಯಲ್ಲಿ, ಶಿವಪ್ಪನ ಓಣಿಯಲ್ಲೇ. ಕೊನೆಯದು ಎಂದು ಅವರನ್ನು ಬಿಟ್ಟರೆ ನನಗೆ ಮಾತ್ರ ಗೊತ್ತಿತ್ತು. ಮಧ್ಯಾಹ್ನದ ಬಿಸಿಲಿಗೆ ಹಂದರದ ಬಟ್ಟೆಯಿಂದ ಇಳಿದ ಬೆಳಕಿನಲ್ಲಿ ಅಜ್ಜಿಯಿಂದ ಹಿಡಿದು ತೋಳಿನ ಕೂಸಿನವರೆಗೆ ಮನೆಮಂದಿಯೆಲ್ಲ ನಿಂತರು. ಅಕ್ಕಾರು ಫೋಟೋ ತೆಗೆದರು. ಪರದೆಯಲ್ಲಿ ನೋಡಿದರು. ಯಾರೂ ಬಿಟ್ಟುಹೋಗಿರಲಿಲ್ಲ. ಊಟಕ್ಕೆ ಅವಸರವಾಗಿದ್ದ ಮಂದಿ ಚದುರಲು ನೋಡಿದರು.

"ನಿಂದರ್ರಿ" ಎಂದರು ಅಕ್ಕಾರು.

ಕ್ಯಾಮೆರಾ ಕೆಳಗೆ, ಹೊಟ್ಟೆಯ ಮೇಲೆ ನೇತಾಡುತ್ತಿತ್ತು. ಅವರು ಕತ್ತನ್ನು ಎಡಗಡೆಯ ಕೊನೆಯವರೆಗೆ ತಿರುಗಿಸಿ, ಅಲ್ಲಿಂದ ಒಬ್ಬೊಬ್ಬರ ಮುಖದ ಮೇಲೂ ನಿಂತು ನಿಂತು, ನಿಧಾನವಾಗಿ ಬಲಕ್ಕೆ ಬರತೊಡಗಿದರು. ಮದುಮಗನ ಅಪ್ಪನಿಗೆ ಕಳವಳವಾಯಿತು.

"ಏನಾತ್ರೀ ಅಕ್ಕಾರ? ಫೋಟೋ ಕೆಟ್ಟೈತೇನು?"

"ಇಲ್ರಿ, ಛಲೋ ಬಂದೈತಿ. ಸ್ವಲ್ಪ ನಿಂದರ್ರಿ, ನೋಡಾಕತ್ತೇನಿ."

ಅವರು ಬಲಗಡೆಯ ಕೊನೆಯವನನ್ನು ನೋಡಿ ಮುಗಿಸುವವರೆಗೂ ಎಲ್ಲರೂ ಹಾಗೇ ನಿಂತಿದ್ದರು.